ನನ್ನ ಪರವಾಗಿ ಅಂಜಿದವರು

ಹೆದರಿದಾಗ ನಮ್ಮ ಮಾಸ್ತರ ಗಂಟಲಮಣಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಸಣಕಲು ಕುತ್ತಿಗೆ, ಕೊರಳಿನ ಗುಂಡಿಯವರೆಗೂ ಹಾಕಿದ ಬಿಳಿ ಅಂಗಿ, ಆ ಗುಂಡಿಯ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟಲಮಣಿ. ಕೊನೆಯ ಬೆಂಚಿನವರಿಗೂ ಅದು ಕಾಣುತ್ತಿತ್ತು. ಕ್ಲಾಸಿನ ಗೋಡೆಯ ಮೇಲೆ ಹಲ್ಲಿ ಬಂದರೆ ನಾವು ಹಲ್ಲಿಯನ್ನು ಬಿಟ್ಟು ಮಾಸ್ತರ ಕುತ್ತಿಗೆಯನ್ನೇ ನೋಡುತ್ತ ಕೂಡುತ್ತಿದ್ದೆವು.

ಬಬಲೇಶ್ವರದ ಹೈಸ್ಕೂಲಿನಲ್ಲಿ ಅವರು ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದರು. ತಿಕೋಟಾ ಕಡೆಯವರು. ಅವರು ಅಂಜದ ವಸ್ತು ಯಾವುದಿತ್ತೋ ನನಗೆ ಗೊತ್ತಿಲ್ಲ. ಸಿಡಿಲು, ಬಾವಿ, ನಾಯಿ, ಹೆಡ್ ಮಾಸ್ತರು, ಪೇಟೆಯಲ್ಲಿ ಎದುರಾಗುವ ಎತ್ತಿನ ಕೋಡು, ಎಲ್ಲದಕ್ಕೂ ಅಂಜುತ್ತಿದ್ದರು. ಯಾರ ಸೈಕಲ್ ಮೋಟಾರಿನ ಹಿಂದೆಯೂ ಕೂತವರಲ್ಲ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಬೇಕು. ಯಾಕ್ರಿ ಸರ್ ಎಂದು ಕೇಳಿದರೆ, "ಅಂವಗೂ ಜೀವದ ಮ್ಯಾಲೆ ಆಸೆ ಇರತೈತೆಲ್ಲೋ, ತನ್ನ ಕಡೆ ಉಳಿಸಿಕೋತಾನ" ಎನ್ನುತ್ತಿದ್ದರು. ಮಳೆಗಾಲದಲ್ಲಿ ಚೇಳಿನ ಕಾಟ. ಶಾಲೆ ಬಿಡುವ ಹೊತ್ತಿಗೆ ಮಾಸ್ತರು ಮೊದಲು ಹೊರಗೆ ಹೋಗಿ, ಬಾಗಿಲ ಬಳಿ ಬಿಟ್ಟ ನಮ್ಮೆಲ್ಲರ ಚಪ್ಪಲಿಗಳನ್ನು ಒಂದೊಂದಾಗಿ ಎತ್ತಿ ಝಾಡಿಸಿ ಇಡುತ್ತಿದ್ದರು. ತೋಳು ಉದ್ದ ಚಾಚಿ, ಮುಖ ಅತ್ತ ತಿರುಗಿಸಿ, ಕಣ್ಣು ಮುಚ್ಚಿಕೊಂಡು. ನಾವು ಒಳಗಿನಿಂದ ಕಿಸಿಕಿಸಿ ನಗುತ್ತಿದ್ದೆವು.

ಪುಕ್ಕಲ ಮಾಸ್ತರು ಎಂದು ಹೆಸರಿಟ್ಟಿದ್ದೆವು. ಅದು ಅವರಿಗೂ ಗೊತ್ತಿತ್ತು. "ಹೌದ್ರೆಪಾ, ನಾ ಪುಕ್ಕಲಾನ" ಎಂದು ಒಂದು ದಿನ ಕ್ಲಾಸಿನಲ್ಲೇ ಹೇಳಿಬಿಟ್ಟರು. "ಅಂಜಿಕಿ ಬಂದ್ರ ಕೂಗಿ ಒದರ್ರಿ. ಸುಮ್ಮ ಕುಂತ್ರ ಯಾರಿಗೆ ತಿಳೀತೈತಿ?" ಆ ದಿನದ ಪಾಠ ರಕ್ತದ್ದು. ಹಲಗೆಯ ಮೇಲೆ ಬಿಳಿ ರಕ್ತಕಣದ ಚಿತ್ರ ಬರೆದು ಅದರ ಮೇಲೆ ಕೈಯಿಟ್ಟು ನಿಂತಿದ್ದರು. "ಇವು ನನಕಿಂತ ಪುಕ್ಕಲು ಅದಾವ. ಒಳಗ ಏನರೆ ಹೊಸಾದು ಬಂತಂದ್ರ ಒದರ್ತಾವ. ಒಂದು ಒದರಿದ್ರ ಉಳದಾವು ಎಲ್ಲಾ ಓಡಿ ಬರ್ತಾವ. ಅವು ಹಂಗ ಒದರೂದಕ್ಕ ನಾವು ಬದಕೇವಿ." ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಒದರುತ್ತವೆ ಎಂದು ಬರೆದವರಿಗೆ ಮಾರ್ಕು ಕೊಟ್ಟದ್ದೂ ಉಂಟು.

ಮುಂದೆ ನನ್ನ ಓದು ಮುಗಿಯಿತು, ವಿಜಯಪುರದಲ್ಲಿ ಸರ್ಕಾರಿ ಕಚೇರಿಯ ಕೆಲಸ ಸಿಕ್ಕಿತು, ಮದುವೆಯಾಯಿತು. ನಮ್ಮನೆಯವರದು, ಅಂದರೆ ನನ್ನ ಗಂಡನದು, ತಿಕೋಟಾದಲ್ಲಿ ಬ್ಯಾಂಕಿನ ನೌಕರಿ. ಕನಮಡಿಯಲ್ಲಿ ಹೊಲವಿದ್ದ ನಮ್ಮತ್ತೆ ನಮ್ಮ ಜೊತೆಗೇ ಜಲನಗರದ ಮನೆಯಲ್ಲಿದ್ದರು. ನಿವೃತ್ತಿಯಾದ ಮೇಲೆ ಮಾಸ್ತರೂ ನಮ್ಮ ಓಣಿಗೇ ಬಂದರು, ಅವರು ಮತ್ತು ಅಮ್ಮಾರು ಇಬ್ಬರೇ. ಅವರ ಹೆಂಡತಿಯನ್ನು ನಾವು ವಿದ್ಯಾರ್ಥಿಗಳೆಲ್ಲ ಅಮ್ಮಾರು ಎಂದೇ ಕರೆಯುತ್ತಿದ್ದೆವು. ಸಂಜೆ ಚಹಾಕ್ಕೆ ನಮ್ಮಲ್ಲಿಗೆ ಬರುವುದು ಮಾಸ್ತರ ರೂಢಿಯಾಯಿತು. ಒಳಗೆ ಬರುವ ಮುಂಚೆ ಗೇಟಿನಲ್ಲಿ ನಿಂತು, ನಮ್ಮ ಮನೆಯಲ್ಲಿ ಎಂದೂ ಇಲ್ಲದ ನಾಯಿ ಇದೆಯೋ ಎಂದು ಪ್ರತಿ ಸಲವೂ ಕೇಳುತ್ತಿದ್ದರು.

ಆಗ ನನಗೆ ಕೆಮ್ಮು ಹತ್ತಿತು. ಯಾವ ಔಷಧಕ್ಕೂ ಹೋಗಲಿಲ್ಲ. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು, ಬೆನ್ನಿನ ಕಡೆಯಿಂದ ಸೂಜಿ ಚುಚ್ಚಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಬೀಡಿ ಸಿಗರೇಟಿನ ಹೊಗೆ ಕಂಡರಾಗದ ನನ್ನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ಪಕ್ಕಕ್ಕೂ ಹಬ್ಬಿದೆ, ಕೊಯ್ದು ತೆಗೆಯಲು ಬರುವುದಿಲ್ಲ ಎಂದರು.

ಅವತ್ತಿನಿಂದ ನನ್ನನ್ನು ನೋಡಲು ಬಂದವರೆಲ್ಲರದೂ ಒಂದೇ ಮಾತು, "ಏನೂ ಆಗೂದಿಲ್ಲ, ಧೈರ್ಯ ತಗೋ." ಹಾಗೆ ಹೇಳಿದವರನ್ನು ಹೊಡೆಯಬೇಕು ಅನಿಸುತ್ತಿತ್ತು. ಸದಾ ಒಂದು ಹೆದರಿಕೆ. ಅನ್ನ ಕಲಸುವಾಗ, ಹಲ್ಲುಜ್ಜುವಾಗ, ಟಿವಿ ನೋಡುವಾಗ ಅದು ಇದ್ದೇ ಇರುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಹೋದರೆ ಎದುರಿನವರು ಧೈರ್ಯದ ಮಾತನ್ನು ತಂದು ಬಾಯಿಗೆ ತುರುಕುತ್ತಿದ್ದರು. ನಮ್ಮನೆಯವರೂ ಅಷ್ಟೆ. ಪಾಪ, ಅವರಿಗೆ ಮತ್ತೇನು ಹೇಳಬೇಕೆಂದು ಗೊತ್ತಾಗುತ್ತಿರಲಿಲ್ಲ.

ಮಾಸ್ತರ ಮನೆಗೆ ನಾನೇ ಹೋಗಿ ಹೇಳಿದೆ. ಅವರು ಚಹಾ ಕುಡಿಯುತ್ತಿದ್ದರು. ಕಪ್ಪನ್ನು ಕೆಳಗಿಟ್ಟರು. ಗಂಟಲಮಣಿ ಓಡಾಡತೊಡಗಿತು.

"ಯವ್ವಾ, ನನ್ನ ಕೈಕಾಲು ನಡಗಾಕತ್ತಾವ. ನಿನಗ ಹೆಂಗ ಆಗಿರಬೇಕು?"

ಸುದ್ದಿ ತಿಳಿದ ಮೇಲೆ ನಾನು ಮೊದಲ ಸಲ ಅತ್ತದ್ದು ಅಲ್ಲಿ. ಅಮ್ಮಾರು ಒಳಗಿನಿಂದ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತರು. ಮಾಸ್ತರೂ ಮೂಗು ಒರೆಸಿಕೊಂಡರು. ಸಾಕಷ್ಟು ಅತ್ತಾದ ಮೇಲೆ ಮೂವರೂ ಆರಿದ ಚಹಾ ಕುಡಿದೆವು.

ಮುಂದಿನ ಸಲ ದವಾಖಾನೆಗೆ ನನ್ನ, ನಮ್ಮನೆಯವರ ಜೊತೆ ಮಾಸ್ತರೂ ಬಂದರು. ಔಷಧದ ವಾಸನೆಗೆ ಅವರಿಗೆ ತಲೆ ತಿರುಗುತ್ತದೆ, ಆದರೂ ಬಂದರು. ಡಾಕ್ಟರ್ ಮೇಡಂ ನಮ್ಮ ಜಿಲ್ಲೆಯವರೇ, ಮಾತು ಬಿಚ್ಚಿ ಹೇಳುವವರು. ತೆಗೆದ ಚೂರನ್ನು ಪರೀಕ್ಷೆ ಮಾಡಿದಾಗ ಗಡ್ಡೆಯೊಳಗೆ ರೋಗನಿರೋಧಕ ಕಣಗಳು ಕಂಡಿದ್ದವಂತೆ. "ನಿಮ್ಮ ಕಾವಲು ಕಣ ಗಡ್ಡ್ಯಾಗ ಬಂದು ಕುಂತಾವ್ರಿ. ಬಂದಾವ, ಆದ್ರ ಕೆಲಸ ಮಾಡವಲ್ವು. ಗಡ್ಡಿ ಅವಕ್ಕ ತಡಿ ಹಾಕೈತಿ. ಕೆಲವನ್ನಂತೂ ತನ್ನ ಚಾಕರಿಗೇ ಹಚ್ಚಿಕೊಂಡೈತಿ, ಗಡ್ಡಿ ಬೆಳಿಯಾಕ ಅವ ಸಹಾಯ ಮಾಡ್ತಾವ. ಆ ತಡಿ ತಗಿಯೂ ಔಷಧ ಐತಿ. ಎಲ್ಲಾರಿಗೂ ಹತ್ತಾಂಗಿಲ್ಲ. ನಿಮಗ ಹತ್ತಬಹುದು."

ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮಾಸ್ತರು ಪ್ಯಾಂಟು ಮೊಣಕಾಲಿನವರೆಗೆ ಎತ್ತಿ ಒಂದು ಹಳೆಯ ಗಾಯದ ಕಲೆ ತೋರಿಸಿದರು.

"ತಿಕೋಟಾದಾಗ ಒಂದು ದ್ರಾಕ್ಷಿ ತ್ವಾಟದ ನಾಯಿ ಇತ್ತು. ಕಳ್ಳ ದಿನಾ ಬಂದು ಅದಕ್ಕ ರೊಟ್ಟಿ ಒಗದು ಒಗದು ತನ್ನದ ಮಾಡ್ಕೊಂಡ. ಅಂವ ದ್ರಾಕ್ಷಿ ಕೊಯ್ಯಾಕ ಬಂದ್ರ ಬಾಲ ಅಳ್ಳಾಡಸ್ತಿತ್ತು, ಮಾಲಕ ಬಂದ್ರ ಬೊಗಳತಿತ್ತು. ಹಂಗ ಆಗೈತಿ ನಿನ್ನ ಒಳಗ."

"ಮತ್ತ ನಿಮಗ್ಯಾಕ ಕಡೀತ್ರಿ ಸರ್?"

"ಅದ ನೋಡು! ನಾ ಕಳ್ಳಲ್ಲ, ಮಾಲಕಲ್ಲ. ಸಾಲಿಗಿ ಹೊಂಟಿದ್ದೆ."

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಏನೋ ಹೊಳೆದವರಂತೆ ಎದ್ದು ಮತ್ತೆ ಡಾಕ್ಟರ ಕೋಣೆಗೆ ನುಗ್ಗಿದರು, ನಾನೂ ನಮ್ಮನೆಯವರೂ ಹಿಂದೆ ಹೋದೆವು. "ಮೇಡಂ, ತಡಿ ತಗದ ಮ್ಯಾಲೆ ಆ ಕಣ ಮನಿಮಂದೀನ್ನ ಕಡದ್ರ ಏನ್ ಮಾಡೂದ್ರಿ?" ಮೇಡಂ ನಗಲು ಹೋಗಿ ನಿಲ್ಲಿಸಿದರು. ಹಾಗೂ ಆಗುತ್ತದೆ ಎಂದರು. ಭೇದಿ, ಉಸಿರಾಟದ ತ್ರಾಸು, ಮೈತುಂಬ ತುರಿಕೆಯ ಗಂಧೆ, ಯಾವುದು ಶುರುವಾದರೂ ಒಂದು ದಿನವೂ ಕಾಯದೆ ತಮಗೆ ತಿಳಿಸಬೇಕು. ನಾವು ಗಂಡಹೆಂಡತಿ ಹೂಂ ಹೂಂ ಎಂದು ತಲೆಯಾಡಿಸಿದೆವು, ಗೇಟು ದಾಟುವುದರೊಳಗೆ ಮರೆತೆವು. ನಮಗೆ ಗಡ್ಡೆಯ ಚಿಂತೆಯೇ ಹಾಸಿ ಹೊದೆಯುವಷ್ಟಿತ್ತು.

ಕೆಲವು ವಾರಕ್ಕೊಮ್ಮೆ ಸಲೈನಿನ ಹಾಗೆ ಔಷಧ ಏರಿಸುತ್ತಿದ್ದರು. ದೀಪಾವಳಿಯ ಹೊತ್ತಿಗೆ ಸ್ಕ್ಯಾನ್ ಮಾಡಿದರು. ಗಡ್ಡೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಆ ದಿನಗಳ ಹೆದರಿಕೆಯನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಡಾಕ್ಟರು ಎರಡೂ ಹೇಳಿದರು. ಗಡ್ಡೆ ನಿಜವಾಗಿಯೇ ಬೆಳೆದಿರಬಹುದು. ಇಲ್ಲವೇ ಕಾವಲು ಕಣಗಳು ದಂಡುಗಟ್ಟಿ ಒಳಗೆ ನುಗ್ಗಿ ಗಡ್ಡೆ ಉಬ್ಬಿರಬಹುದು. ಸ್ಕ್ಯಾನಿನಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಸ್ವಲ್ಪ ಕಾಯಬೇಕು. ಕಾಯುವುದೆಂದರೆ ಏನು ಮಾಡುವುದು? ಸಾವು ಒಳಗೆ ಬೆಳೆಯುತ್ತಿದೆಯೋ ಬದುಕು ಬೆಳೆಯುತ್ತಿದೆಯೋ ಗೊತ್ತಿಲ್ಲದೆ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವುದು. ಮನೆಯೊಳಗೆ ಕೂಡಲಾಗುತ್ತಿರಲಿಲ್ಲ. ಮಾಸ್ತರು ಮುಂಜಾನೆ ನನ್ನನ್ನು ಗೋಳಗುಮ್ಮಟದ ತೋಟಕ್ಕೆ ನಡೆದಾಡಲು ಕರೆದೊಯ್ಯುತ್ತಿದ್ದರು. ಆಟೋದ ಸರಳನ್ನು ಎರಡೂ ಕೈಯಿಂದ ಹಿಡಿದು ಕೂಡುತ್ತಿದ್ದರು. ಗುಮ್ಮಟದ ಮೆಟ್ಟಿಲು ಅವರು ಜನ್ಮದಲ್ಲಿ ಹತ್ತಿದವರಲ್ಲ, ಹುಲ್ಲಿನ ಸುತ್ತ ನಡೆದಾಡಿ ಬರುವುದಷ್ಟೆ.

"ಇವತ್ತ ಎಷ್ಟು ಐತಿ ಅಂಜಿಕಿ?" ಎಂದು ಕೇಳುತ್ತಿದ್ದರು, ಜ್ವರ ಎಷ್ಟಿದೆ ಎಂದು ಕೇಳುವ ಹಾಗೆ.

"ಭಾಳ ಐತ್ರಿ ಸರ್."

"ನನಗೂ ಹಂಗ ಐತಿ. ನಡಿ, ಇನ್ನೊಂದು ಸುತ್ತ ಹಾಕೂಣು."

ಅಷ್ಟೇ ಮಾತು. ಆದರೆ ಆ ಸುತ್ತು ಮುಗಿಯುವ ಹೊತ್ತಿಗೆ ಮನೆಗೆ ಹೋಗಿ ಕಚೇರಿಗೆ ಹೊರಡುವಷ್ಟು ಬಲ ಬರುತ್ತಿತ್ತು.

ಎಳ್ಳಮವಾಸ್ಯೆ ಬಂತು. ಬೆಳೆಗೆ ಅಡುಗೆಯ ಎಡೆ ಎರಚಿ ಚರಗ ಚೆಲ್ಲಲು ಎಲ್ಲರೂ ಕನಮಡಿಯ ಹೊಲಕ್ಕೆ ಹೋದೆವು. ಎದೆಯೆತ್ತರ ಬೆಳೆದ ಜೋಳ, ತಂಪು ಗಾಳಿ, ಬನ್ನಿಗಿಡದ ಬುಡದಲ್ಲಿ ಪೂಜೆ. ಅತ್ತೆ ಹಿಂದಿನ ದಿನವೆಲ್ಲ ಕೂತು ಮಾಡಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಎಣ್ಣೆಗಾಯಿ, ಕರಿಗಡಬು. ನಾನೂ ಹೊಟ್ಟೆ ತುಂಬ ಉಂಡೆ. ಮರುದಿನ ಮನೆಮಂದಿಗೆಲ್ಲ ಹೊಟ್ಟೆ ಕೆಟ್ಟಿತು. ಅತ್ತೆಯ ತವರಿನಲ್ಲಿ ಒಂದು ನಂಬಿಕೆ. ಚರಗದ ಊಟ ಭೂಮಿತಾಯಿ ಉಣಿಸಿದ್ದು, ಅದರಿಂದ ಹೊಟ್ಟೆ ಕೆಟ್ಟರೆ ಮಜ್ಜಿಗೆ ಕುಡಿದು ಸುಮ್ಮನಿರಬೇಕು. ಔಷಧ ತೆಗೆದುಕೊಂಡರೆ, ದವಾಖಾನೆಗೆ ಹೋದರೆ ಆ ತಾಯಿಯ ಅನ್ನಕ್ಕೆ ಹೆಸರಿಟ್ಟ ಹಾಗೆ, ಮುಂದಿನ ವರ್ಷ ಹೊಲ ಬೆಳೆಯುವುದಿಲ್ಲ. ಹಾಗಾಗಿ ಎಲ್ಲರೂ ಮಜ್ಜಿಗೆ ಕುಡಿದೆವು. ಒಂದು ದಿನದಲ್ಲಿ ಉಳಿದವರಿಗೆಲ್ಲ ನೆಟ್ಟಗಾಯಿತು. ನನಗೆ ಮಾತ್ರ ನಿಲ್ಲಲಿಲ್ಲ. "ನಿನಗ ಮೊದ್ಲ ಶಕ್ತಿ ಇಲ್ಲ, ನಿಂದು ತಡಾ ಆಗತೈತಿ" ಎಂದರು ಅತ್ತೆ. ನನಗೂ ಹಾಗೇ ಅನಿಸಿತು. ನಮ್ಮನೆಯವರು ತಿಕೋಟಾಕ್ಕೆ ಕೆಲಸಕ್ಕೆ ಹೋದರು.

ಮಾಸ್ತರು ಎಂದಿನಂತೆ ಚಹಾಕ್ಕೆ ಬಂದರು. ಅವರು ಕಪ್ಪು ಖಾಲಿ ಮಾಡುವುದರೊಳಗೆ ನಾನು ಮತ್ತೆ ಮತ್ತೆ ಎದ್ದು ಒಳಗೆ ಹೋದೆ. ಗೋಡೆ ಹಿಡಿದು ಬಂದು ಕೂತದ್ದನ್ನು ಅವರು ನೋಡಿದರು.

"ಏನಾತು?"

"ಎಳ್ಳಮಾಸಿ ಊಟ್ರಿ ಸರ್. ಎಲ್ಲಾರಿಗೂ ಆಗಿತ್ತು."

"ಉಳದವ್ರಿಗಿ ನಿಂತೈತೇನು?"

"ನಿಂತೈತ್ರಿ."

ಹೆಣ್ಣುಮಕ್ಕಳ ಜೊತೆ ಇಂಥ ಮಾತಾಡಿ ಗೊತ್ತಿಲ್ಲದ ಮನುಷ್ಯ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೇಳಿದರು, "ರಕ್ತ ಏನರೆ ಬಿತ್ತೇನು ಯವ್ವಾ?"

ಬಿದ್ದಿತ್ತು. ಮೂಲವ್ಯಾಧಿಯ ತ್ರಾಸು ಇರಬೇಕು ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಹೂಂ ಎಂದೆ.

ಮಾಸ್ತರು ನಿಂತುಬಿಟ್ಟರು. "ಆ ಔಷಧದ್ದ ಇದು. ನಿನ್ನ ಕಾವಲು ಕಣ ಕರಳಿಗಿ ಬಾಯಿ ಹಾಕ್ಯಾವ. ಈಗಿಂದೀಗ ದವಾಖಾನಿಗಿ ನಡಿ."

ಅತ್ತೆ ಅಡುಗೆಮನೆಯಿಂದ ಬಂದರು. "ಮಾಸ್ತರ್ರ, ಚರಗದ ಊಟಕ್ಕ ದವಾಖಾನಿ ತೋರಸಬಾರದ್ರಿ. ನಾಳಿ ತನಕ ನೋಡೂಣು."

ನಮ್ಮತ್ತೆಯ ದನಿಗೆ ಓಣಿಯೇ ಅಂಜುತ್ತಿತ್ತು. ಮಾಸ್ತರ ಗಂಟಲಮಣಿ ಒಂದು ಸಲ ಮೇಲೇರಿ ಅಲ್ಲೇ ನಿಂತಿತು. ಕೈ ಮುಗಿದರು. "ಅಕ್ಕಾರ, ನಿಮಗ ನಾ ಅಂಜತೇನ್ರಿ, ಖರೇನ. ಆದ್ರ ಇದಕ್ಕ ಇನ್ನಾ ಜಾಸ್ತಿ ಅಂಜತೇನ್ರಿ."

ಅಷ್ಟು ಹೇಳಿ ಹೊರಗೆ ಓಡಿದರು. ಜಲನಗರ ಪಗಾರದವರ ಬಡಾವಣೆ, ಅಲ್ಲಿ ಯಾರೂ ಬೀದಿಯಲ್ಲಿ ನಿಂತು ಕೂಗುವುದಿಲ್ಲ. ಮಾಸ್ತರು ನಡುರಸ್ತೆಯಲ್ಲಿ ನಿಂತು ಒದರತೊಡಗಿದರು. "ಯಪ್ಪಾ, ಯಾರರೆ ಬರ್ರಿ! ಗಾಡಿ ತರ್ರಿ! ನಮ್ಮ ಹುಡುಗಿ ಸಾಯಾಕತ್ತಾಳ, ಬರ್ರೀ!" ಕಿಟಕಿಗಳು ತೆರೆದುಕೊಂಡವು. ಆ ಸ್ಥಿತಿಯಲ್ಲೂ ನನಗೆ ನಾಚಿಕೆಯಾಯಿತು. ಸಾಯುತ್ತಿದ್ದಾಳೆ ಎಂಬ ಶಬ್ದ ಕೇಳಿ ಎದೆ ಧಸಕ್ ಎಂದಿತು, ಯಾಕೆಂದರೆ ಅಲ್ಲಿಯವರೆಗೆ ನನ್ನ ವಿಷಯದಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಎದುರುಮನೆಯವರು ಕಾರು ತೆಗೆದರು. ಅತ್ತೆಯೂ ಚಪ್ಪಲಿ ಹಾಕಿಕೊಳ್ಳದೆ ಬಂದು ನನ್ನ ಪಕ್ಕದಲ್ಲಿ ಕೂತರು.

ದವಾಖಾನೆಯಲ್ಲಿ ನೋಡಿದಾಗ ಕರುಳೆಲ್ಲ ಬಾತು ಹುಣ್ಣಾಗಿತ್ತು. ಗಡ್ಡೆಯ ಮೇಲೆ ಬಿಟ್ಟ ಕಣಗಳು ಕರುಳನ್ನೂ ವೈರಿ ಎಂದು ತಿಳಿದಿದ್ದವು. "ನಾಳಿ ತನಕ ಕಾದಿದ್ರ ಕರುಳು ತೂತು ಬೀಳಬಹುದಿತ್ರಿ" ಎಂದರು ಡಾಕ್ಟರು. ಅತ್ತೆ ಅದನ್ನು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಕಣಗಳನ್ನು ತಣ್ಣಗೆ ಮಾಡಲು ಸ್ಟಿರಾಯ್ಡ್ ಇಂಜೆಕ್ಷನ್ ಶುರು ಮಾಡಿದರು.

ಮಾಸ್ತರಿಗೆ ಅಲ್ಲಿಗೂ ಸಮಾಧಾನವಿಲ್ಲ. "ಮೇಡಂ, ಅವನ್ನ ಮಲಗಿಸಿದ್ರ ಗಡ್ಡಿ ಏಳೂದಿಲ್ಲೇನ್ರಿ?"

ಡಾಕ್ಟರು ಕುರ್ಚಿ ಎಳೆದು ಅವರೆದುರು ಕೂತರು. "ಅದಕ್ಕ ನಾನೂ ಅಂಜೇನ್ರಿ ಸರ್. ಕರುಳು ಮೊದ್ಲ ಉಳೀಲಿ, ಆಮ್ಯಾಲೆ ಸ್ಕ್ಯಾನ್ ಮಾಡಿ ನೋಡೂಣು."

ಹೀಗೆ ನನ್ನ ಮಂಚದ ಸುತ್ತ ಅಂಜುವವರು ಒಬ್ಬೊಬ್ಬರಾಗಿ ಹೆಚ್ಚಾದರು. ಆ ವಾರ್ಡಿನಲ್ಲಿ ಮಲಗಿ ನಾನು ಚಾವಣಿಯ ಪಂಖ ನೋಡುತ್ತ ಲೆಕ್ಕ ಹಾಕುತ್ತಿದ್ದೆ. ಔಷಧ ನಿಂತಿತು. ಕಣಗಳನ್ನು ಮಲಗಿಸಿದ್ದಾರೆ. ಈಗ ಗಡ್ಡೆಯನ್ನು ತಡೆಯುವವರು ಯಾರು? ಉಸಿರು ಎಳೆದಾಗಲೆಲ್ಲ ಅದು ಬೆಳೆಯುತ್ತಿದೆ ಅನಿಸುತ್ತಿತ್ತು.

ಹೊಟ್ಟೆ ಸರಿಹೋದ ಮೇಲೆ ಸ್ಕ್ಯಾನ್ ಆಯಿತು. ಗಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು. ದೀಪಾವಳಿಯಲ್ಲಿ ದೊಡ್ಡದಾಗಿ ಕಂಡದ್ದು ಕಾವಲು ಕಣಗಳ ದಂಡೇ ಇರಬೇಕು, ಕರುಳನ್ನು ಹಾಳು ಮಾಡಿದವೇ ಗಡ್ಡೆಯನ್ನೂ ತಿಂದಿರಬೇಕು, ಗ್ಯಾರಂಟಿ ಹೇಳಲು ಬರುವುದಿಲ್ಲ, ಹಾಗೆ ಕಾಣುತ್ತದೆ ಎಂದರು. ಮಾಸ್ತರು ಕುರ್ಚಿಯಲ್ಲಿ ಕುಸಿದು ಕೂತು ನೀರು ಕೇಳಿದರು. ಮುಂದಿನ ಸ್ಕ್ಯಾನುಗಳಲ್ಲಿ ಅದು ಇನ್ನೂ ಸಣ್ಣದಾಗುತ್ತ ಹೋಯಿತು.

ಒಂದೆರಡು ವರ್ಷ ಚೆನ್ನಾಗಿ ಕಳೆದವು. ಆಮೇಲೆ ಒಂದು ಸಂಜೆ ಮಾಸ್ತರು ಚಹಾ ಬೇಡವೆಂದರು. ಕಣ್ಣು ಅರಿಶಿನದಂತೆ ಹಳದಿಯಾಗಿದ್ದವು. ಕಾಮಣಿ ಇರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಅವರಿಗೆ ಮಾತ್ರ ಮೊದಲ ದಿನವೇ ಭಯ ಹತ್ತಿತ್ತು, ಮೊದಲ ದಿನವೇ ದವಾಖಾನೆಗೆ ಹೋದರು. ಅಷ್ಟು ಬೇಗ ಹೋದರೂ ತಡವಾಗಿತ್ತು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಲಿವರಿಗೂ ಹರಡಿತ್ತು.

ಈ ಸಲ ಅವರ ಜೊತೆ ನಾನು ಹೋದೆ. ಅದೇ ಡಾಕ್ಟರು, ಅದೇ ಕೋಣೆ. ನನಗೆ ಕೊಟ್ಟ ಔಷಧ ಇವರಿಗೂ ಕೊಡಿ ಎಂದು ನಾನೇ ಬೇಡಿಕೊಂಡೆ. ಡಾಕ್ಟರು ಸುಳ್ಳು ಹೇಳಲಿಲ್ಲ. ಈ ಜಾತಿಯ ಗಡ್ಡೆ ತನ್ನ ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡಿರುತ್ತದೆ, ಕಾವಲು ಕಣಗಳು ಹೊರಗೇ ಉಳಿಯುತ್ತವೆ, ಒಳಗೆ ಬಂದವೂ ಬಹುಪಾಲು ಗಡ್ಡೆಯ ಕಡೆಯವೇ. ಒಳಗೆ ಬರದವುಗಳ ತಡೆ ತೆಗೆದು ಏನು ಪ್ರಯೋಜನ? ಮಾಸ್ತರು ಎಲ್ಲವನ್ನೂ ಕೇಳಿಸಿಕೊಂಡು, "ಪಾಠ ಚಲೋ ಹೇಳ್ತೀರಿ ಮೇಡಂ" ಎಂದರು. ಬೇರೆ ಔಷಧ ಕೊಟ್ಟರು, ಅದು ಹತ್ತಲಿಲ್ಲ.

ಮಾಸ್ತರ ಮನೆಗೆ ಜನ ಬಂದು ಹೋಗಿ ಮಾಡುತ್ತಿದ್ದರು. ಹಳೆಯ ವಿದ್ಯಾರ್ಥಿಗಳು, ತಿಕೋಟಾದ ಬಳಗದವರು, ನೆಂಟರು. ಎಲ್ಲರದೂ ಅದೇ ಮಾತು, ಏನೂ ಆಗೂದಿಲ್ಲ ಸರ್, ಧೈರ್ಯ ತಗೋರಿ. ಮಾಸ್ತರು ಅವರೆದುರು ನಕ್ಕು ತಲೆಯಾಡಿಸುತ್ತಿದ್ದರು. ಅವರು ಹೋದ ಮೇಲೆ ನನ್ನನ್ನು ಕರೆಯುತ್ತಿದ್ದರು.

"ಯವ್ವಾ, ಇಲ್ಲೇ ಕುಂದ್ರು. ಭಾಳ ಅಂಜಿಕಿ ಆಗಾಕತ್ತೈತಿ."

ಕೂಡುತ್ತಿದ್ದೆ. "ನನಗೂ ಅಂಜಿಕಿ ಐತ್ರಿ ಸರ್" ಎನ್ನುತ್ತಿದ್ದೆ. ಅದು ಅವರಿಂದ ಕಲಿತ ಮಾತೇ ಆದರೂ ಸುಳ್ಳಾಗಿರಲಿಲ್ಲ. ಅಷ್ಟು ಸಣ್ಣಗಾದ ಅವರ ಕೈಯನ್ನು ಹಿಡಿದಾಗ ನನ್ನ ಸಾವೇ ಕೈಯಲ್ಲಿದ್ದ ಹಾಗೆ ಬೆವರುತ್ತಿದ್ದೆ. ಎದ್ದು ಓಡಿಹೋಗಬೇಕು ಅನಿಸುತ್ತಿತ್ತು. ಕೂತೇ ಇರುತ್ತಿದ್ದೆ.

ಕೊನೆಗೊಂದು ಮಧ್ಯಾಹ್ನ, ಅಮ್ಮಾರು ಗಂಜಿ ಕಾಯಿಸಲು ಒಳಗೆ ಹೋಗಿದ್ದಾಗ, ಕಣ್ಣು ಮುಚ್ಚಿಕೊಂಡೇ ಕೇಳಿದರು.

"ನಿನ್ನವು ಬಂದುವು. ನನ್ನವ್ಯಾಕ ಬರಲಿಲ್ಲಬೇ?"

ಡಾಕ್ಟರು ಹೇಳಿದ ಕಾರಣ ಇಬ್ಬರಿಗೂ ಗೊತ್ತಿತ್ತು. ಅವರು ಕೇಳಿದ್ದು ಅದಲ್ಲವೆಂದೂ ಗೊತ್ತಿತ್ತು. ಜನ್ಮವೆಲ್ಲ ಸಣ್ಣ ಸದ್ದಿಗೂ ಒದರಿಕೊಂಡು ಬದುಕಿದ ಮನುಷ್ಯ. ಅವರೊಳಗೆ ಒಂದು ಕಣವೂ ಒದರದೆ ಹೋಯಿತಲ್ಲ. ಅವರೇ ನನ್ನ ಕೈಯನ್ನು ಎರಡು ಸಲ ತಟ್ಟಿ, "ಹೋಗ್ಲಿ ಬಿಡು. ನಿನ್ನವು ಬಂದುವಲ್ಲ" ಎಂದರು.

ಮತ್ತೆ ನಾಲ್ಕು ದಿನಕ್ಕೆ ತೀರಿಕೊಂಡರು. ಅವರದು ಬೌದ್ಧ ಮನೆತನ, ಅಮ್ಮಾರು ತೀರಿಕೊಂಡವರ ನೆನಪಿಗೆ ಮನೆಯಲ್ಲಿ ಬುದ್ಧವಂದನೆ ಇಟ್ಟಿದ್ದರು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮಾಸ್ತರ ಫೋಟೋ, ಮೇಣದ ಬತ್ತಿ. ಬಂದವರಲ್ಲಿ ಕೆಲವರು ಎದ್ದು ನಾಲ್ಕು ಮಾತಾಡಿದರು. ಮಾಸ್ತರು ಧೈರ್ಯವಂತರು, ಸಾವಿಗೂ ಅಂಜಲಿಲ್ಲ, ನಗುನಗುತ್ತ ಹೋದರು ಎಂದರು. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳಿದರು. ನನಗೆ ತಡೆಯಲಾಗಲಿಲ್ಲ. ಸಭೆಯಲ್ಲಿ ಮಾತಾಡಿ ಗೊತ್ತಿಲ್ಲದ ನಾನು ಎದ್ದು ನಿಂತೆ.

"ಹಂಗ ಅನಬ್ಯಾಡ್ರಿ. ಅವರು ಭಾಳ ಅಂಜಿದ್ರು. ಕಡೀತನಕಾ ಅಂಜಿದ್ರು. ನನ್ನ ಸಲುವಾಗಿ ಅವರು ಅಂಜದಿದ್ರ ನಾ ಇವತ್ತ ಇಲ್ಲಿ ನಿಂತು ಮಾತಾಡ್ತಿರಲಿಲ್ಲ."

ತಪ್ಪು ಮಾಡಿದೆನೇನೋ ಅನಿಸಿತು. ಅಮ್ಮಾರು ತಲೆಯೆತ್ತಿ ನನ್ನನ್ನು ನೋಡಿದರು, ಆಮೇಲೆ ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿದರು.

"ಬಾರವ್ವಾ," ಎಂದರು. "ಇಲ್ಲೇ ನನ್ನ ಬಾಜೂಕ ಕುಂದ್ರು ಬಾ."